ಭಜನಿಗೆ ಸೇರೀನಿ, ಶ್ರುತಿ ಸ್ವರ ರಾಗ ತಾಳ ಲಯ ಅಂದ್ರ ಏನಂತ ಯಾರರ ಸರಳ ಹೇಳ್ರಿ

ಸಿಂಧನೂರು ಹೈದ:

ನಮಸ್ಕಾರ್ರಿ ಎಲ್ಲಾರಿಗೂ. ಸಿಂಧನೂರು ತಾಲೂಕಿನ ಹಳ್ಳ್ಯಾವ ನಾನು, ಗೊಬ್ಬರದ ಅಂಗಡಿ ಐತಿ, ಸಂಗೀತ ಅಂದ್ರ ಮೊಬೈಲಿನ್ಯಾಗ ಕೇಳಿದ್ದಷ್ಟ. ನಮ್ಮೂರ ಹನುಮಪ್ಪನ ಗುಡ್ಯಾಗ ಶನಿವಾರ ರಾತ್ರಿ ಭಜನಿ ಇರ್ತೈತಿ, ಈ ಶ್ರಾವಣದಾಗ ಹೋಗಿ ಕುಂತೆ, ಧ್ವನಿ ಚಲೋ ಐತಿ ಅಂತ ಹಿಮ್ಮೇಳಕ್ಕ ಹಾಕ್ಕೊಂಡ್ರು, ಕೈಯಾಗ ಒಂದು ಜೋಡಿ ತಾಳನೂ ಕೊಟ್ರು. ಹಾಡೋದು ಹೆಂಗೋ ಹಾಡ್ತೀನ್ರಿ, ಆದ್ರ ಪೇಟಿ (ಹಾರ್ಮೋನಿಯಂ) ಮಾಸ್ತರು ನಡುನಡುವ ಬೈಯೋ ಮಾತು ಒಂದೂ ತಲಿಗೆ ಹೋಗವಲ್ದು. "ಕರಿ ಎರಡಕ್ಕ ಹಚ್ಚೀನಿ ನೀ ಎಲ್ಲಿಗೆ ಹೊಂಟಿ", "ಶ್ರುತಿ ಬಿಟ್ಟಿ", "ತಾರಕ್ಕ ಏರಬ್ಯಾಡ", "ಲಯ ಓಡಸಬ್ಯಾಡ", "ಸಮ್ಮಿಗೆ ಬಾರೋ ಮಾರಾಯ". ಎಲ್ಲಾರ ಮುಂದ ಕೇಳಾಕ ನಾಚಿಕಿ, ಮನಿಗೆ ಬಂದು ಯೂಟ್ಯೂಬ್ ನೋಡಿದ್ರ ಅಲ್ಲಿ ಪಿಚ್ ಸ್ಕೇಲ್ ಸುರ್ ಅಂತ ಬ್ಯಾರೇ ಪುರಾಣ.

ಇನ್ನೊಂದು ಗೋಳು. ನಮ್ಮ ತಂಗಿ ಬಳ್ಳಾರಿಯಾಗ ಇರ್ತಾಳ, ಅಲ್ಲಿ ಕರ್ನಾಟಕ ಸಂಗೀತ ಕಲ್ಯಾಕತ್ತಾಳ. ಹಬ್ಬಕ್ಕ ಬಂದಾಗ ಪೇಟಿ ಮ್ಯಾಲೆ ಒಂದು ಮನಿ (ಕೀ) ಒತ್ತಿ "ಇದು ಶುದ್ಧ ರಿಷಭ" ಅಂದ್ಲು. ಮಾಸ್ತರು ಅದನ್ನ ಒತ್ತಿ "ಇದು ಕೋಮಲ ರಿಷಭ, ಶುದ್ಧ ಇದರ ಮುಂದಿಂದು" ಅಂದ್ರು. ಇಬ್ಬರೂ ಪಟ್ಟು ಬಿಡಲಿಲ್ಲ, ನಡುವ ನಾ ಸಿಕ್ಕೊಂಡೀನಿ. ಯಾರದು ಖರೆ? ಈ ಹೆಸರು ಎಲ್ಲಾ ಯಾವುದರಿಂದ ಶುರು ಮಾಡಿ ತಿಳ್ಕೋಬೇಕು? ವಿದ್ವಾನ್ ಆಗೋದೇನಿಲ್ರಿ, ಬೈಸ್ಕೊಳ್ಳೋದು ಕಮ್ಮಿ ಆದ್ರ ಸಾಕು.

ಕಾಲುಪೆಟಗಿ ಕುಷ್ಟಗಿ:

ತಮ್ಮಾ, ನಾನೂ ಪೇಟಿ ಬಾರಸಾವನ, ಹಂಗಾಗಿ ನಿಮ್ಮ ಮಾಸ್ತರ ಪರವಾಗಿ ಹೇಳ್ತೀನಿ ಕೇಳು. ಎಲ್ಲಾದಕ್ಕೂ ಮೊದಲು ಸಾ. ರಾಗ ಗೀಗ ಆಮ್ಯಾಲೆ. ಷಡ್ಜ ಅಂತಾರಲ್ಲ, ಅದಾ ಸಾ. ಗೌಂಡಿ ಮನಿ ಕಟ್ಟುವಾಗ ನೀರಿನ ಪೈಪ್ ಹಿಡಿದು ಗ್ವಾಡಿ ಮ್ಯಾಲೆ ಒಂದು ಲೆವೆಲ್ ಗುರುತು ಹಾಕ್ತಾನ ನೋಡು, ಕಿಟಕಿ ಎಷ್ಟು ಮ್ಯಾಲೆ, ಕಟ್ಟಿ ಎಷ್ಟು ಕೆಳಗ, ಎಲ್ಲಾ ಆ ಗುರುತಿನಿಂದ ಅಳಿತಾನ. ಆ ಗುರುತು ಎಲ್ಲಿ ಬೇಕಲ್ಲಿ ಹಾಕಬಹುದು, ಆದ್ರ ಒಮ್ಮೆ ಹಾಕಿದ ಮ್ಯಾಲೆ ಮನಿ ಮುಗಿಯೋತನ ಅಲುಗಾಡಸಾಂಗಿಲ್ಲ. ಸಾ ಹಂಗ. ಇವತ್ತು ಸಾ ಎಲ್ಲಿ ಅಂತ ಗಟ್ಟಿ ಮಾಡೋದಾ ಶ್ರುತಿ ಹಚ್ಚೋದು.

"ಕರಿ ಎರಡು" ಅಂದ್ರ ಪೇಟಿ ಮ್ಯಾಲೆ ಎರಡನೇ ಕರಿ ಮನಿ ಇವತ್ತಿನ ಸಾ ಅಂತ. ಪೇಟಿ ನೋಡು, ಕರಿ ಮನಿ ಎರಡರದೊಂದು ಗುಂಪು, ಮೂರರದೊಂದು ಗುಂಪು ಇರ್ತಾವ. ಎರಡರ ಗುಂಪಿನ ಎಡಗಡೆ ಇರೋ ಬಿಳಿ ಮನಿಗೆ ಬಿಳಿ ಒಂದು ಅಂತಾರ, ಅಲ್ಲಿಂದ ಬಲಕ್ಕ ಬಿಳಿ ಏಳರ ತನ, ಕರಿ ಐದರ ತನ ಎಣಿಸು. ಒಟ್ಟು ಹನ್ನೆರಡು ಮನಿ, ಹದಿಮೂರನೇದು ಮತ್ತ ಬಿಳಿ ಒಂದು. ಯೂಟ್ಯೂಬಿನಾಗ ಸಿ, ಸಿ ಶಾರ್ಪ್, ಡಿ ಅಂತಾರಲ್ಲ, ಬಿಳಿ ಒಂದು ಅಂದ್ರ ಸಿ, ಕರಿ ಒಂದು ಸಿ ಶಾರ್ಪ್, ಕರಿ ಎರಡು ಡಿ ಶಾರ್ಪ್. ಅಷ್ಟ ಅದು, ಹೆದರಬ್ಯಾಡ. ಗಂಡಸರ ಧ್ವನಿಗೆ ಬಿಳಿ ಒಂದರಿಂದ ಕರಿ ಎರಡರೊಳಗ ಕುಂದರ್ತೈತಿ, ಹೆಣ್ಮಕ್ಕಳಿಗೆ ಕರಿ ನಾಕು ಐದರ ಸುತ್ತ. ಭಜನಿಯೊಳಗ ಮಾತ್ರ ಜಿದ್ದಿಗೆ ಬಿದ್ದು ಬಿಳಿ ನಾಕಕ್ಕ ಏರಿಸಿ ಗಂಟಲ ಹರ್ಕೊಳ್ಳೋರು ಅದಾರ. ಮೈಕ್ ಇಲ್ದ ಕಾಲದ ಕಂಪನಿ ನಾಟಕದವರು ಎತ್ತರದ ಶ್ರುತಿ ಹಿಡೀತಿದ್ರು ಅಂದ್ರ ಅದಕ್ಕ ಕಾರಣ ಇತ್ತು, ಹಿಂದಿನ ಸಾಲಿನವರಿಗೆ ಕೇಳಬೇಕಲ್ಲ. ಈಗ ಮೈಕ್ ಐತಿ, ಯಾಕ ಬೇಕದು.

"ತಾರ" ಅಂದ್ರ ಮ್ಯಾಲಿನ ಸಪ್ತಕ. ಸಾ ರಿ ಗ ಮ ಪ ದ ನಿ ಮುಗಿದು ಮತ್ತ ಸಾ ಬರ್ತೈತಲ್ಲ, ಆ ಎರಡನೇ ಸಾದ ಕಂಪನ ಮೊದಲಿನದರ ಸರೀ ಎರಡು ಪಟ್ಟು. ನೀ ಕರಿ ಎರಡಕ್ಕ ಹಾಡೋ ಸಾ ಸುಮಾರು 155.5 ಹರ್ಟ್ಸ್, ಅಂದ್ರ ಸೆಕೆಂಡಿಗೆ ಅಷ್ಟು ಕಂಪನ, ಇದ್ರ ಅದರ ಮ್ಯಾಲಿನ ಸಾ 311. ಕೆಳಗಿಂದು ಮಂದ್ರ, ನಡುವಿಂದು ಮಧ್ಯ, ಮ್ಯಾಲಿಂದು ತಾರ. ಎಲ್ಲಾರೂ ಮಧ್ಯದಾಗ ಹಾಡುವಾಗ ನೀ ತಾರಕ್ಕ ಹಾರಿದ್ರ ಶ್ರುತಿ ತಪ್ಪಿದಂಗ ಅಲ್ಲ, ಆದ್ರ ಕೇಳಾಕ ಒದರಿದಂಗ ಇರ್ತೈತಿ. ಮಾಸ್ತರು ಅದಕ್ಕ ಬೈದಾರ.

"ಶ್ರುತಿ ಬಿಟ್ಟಿ" ಅಂದ್ರ ಬ್ಯಾರೇ. ಅದು ಬೇಸೂರು. ಪೇಟಿ ಸಾ ಒಂದು ಕಡೆ, ನಿನ್ನ ಸಾ ಕೂದಲೆಳಿಯಷ್ಟು ಕೆಳಗ ಜಾರೈತಿ ಅಂತ ಅರ್ಥ. ಇದಕ್ಕ ಪುಸ್ತಕ ಉಪಯೋಗಿಲ್ಲ. ಮೊಬೈಲಿಗೆ ತಂಬೂರಿ ಆಪ್ ಹಾಕ್ಕೋ, ಕರಿ ಎರಡು ಅಂದ್ರ ಡಿ ಶಾರ್ಪ್ ಇಟ್ಕೋ, ಮುಂಜಾನಿ ಅಂಗಡಿ ತೆರೆಯೋಕಿಂತ ಮೊದಲು ಬರೇ ಸಾ ಉದ್ದಕ ಹಿಡಿ. ನಿನ್ನ ಧ್ವನಿ ತಂಬೂರಿಯೊಳಗ ಕರಗಿ ಬ್ಯಾರೇ ಕೇಳಸದಂಗ ಆತು ಅಂದ್ರ ಕೂಡೈತಿ. ನಡುಗಿದಂಗ, ಒಂದಕ್ಕೊಂದು ತಿಕ್ಕಿದಂಗ ಕೇಳಿಸ್ತು ಅಂದ್ರ ಇನ್ನೂ ಕೂಡಿಲ್ಲ.

ಸಂಗೀತ ಮೇಡಂ ಬಳ್ಳಾರಿ:

ನಿಮ್ಮ ತಂಗಿ ಹೇಳಿದ್ದೂ ಸರಿ, ಮಾಸ್ತರು ಹೇಳಿದ್ದೂ ಸರಿ ಕಣಪ್ಪ, ಜಗಳ ಬಿಡ್ಸಿ ಮೊದಲು! ನಮ್ಮ ಬಳ್ಳಾರಿಲಿ ಈ ಗೊಂದಲ ದಿನಾ ನೋಡ್ತೀನಿ. ಯಾಕಂದ್ರೆ ಈ ಕಡೆ ಆಂಧ್ರದ ಗಾಳಿ, ಕರ್ನಾಟಕ ಸಂಗೀತದ ಪಾಠ ಜಾಸ್ತಿ, ಆ ಕಡೆ ಕೊಪ್ಪಳ ದಾಟಿದರೆ ಗದಗ ಧಾರವಾಡದ ಹಿಂದೂಸ್ತಾನಿ. ಒಂದೇ ಮನೆಯಲ್ಲಿ ಅಕ್ಕ ಒಂದು ತಂಗಿ ಇನ್ನೊಂದು ಕಲಿಯೋದೂ ಐತೆ.

ಎರಡೂ ಕಡೆ ಮನೆ ಹನ್ನೆರಡೇ. ಸಾ ಮತ್ತು ಪ ಅಲುಗಾಡಲ್ಲ, ಅವಕ್ಕೆ ಒಂದೊಂದೇ ಜಾಗ. ಉಳಿದ ಹತ್ತು ಮನೆಗಳನ್ನ ರಿ ಗ ಮ ದ ನಿ, ಅಂದ್ರೆ ರಿಷಭ ಗಾಂಧಾರ ಮಧ್ಯಮ ಧೈವತ ನಿಷಾದ, ಹಂಚ್ಕೊಂಡಾವೆ, ತಲಾ ಎರಡು. ಹೆಸರಿಡೋ ಕ್ರಮ ಬೇರೆ. ಹಿಂದೂಸ್ತಾನಿಯವರು ಬಿಲಾವಲ್ ಥಾಟ್ ಇಟ್ಕೊಂಡು, ಅಂದ್ರೆ ಬಿಳಿ ಒಂದರಿಂದ ಬರೀ ಬಿಳಿ ಮನೆ ಒತ್ತಿದರೆ ಬರುತ್ತಲ್ಲ ಅದನ್ನೇ, ಎಲ್ಲಾ ಶುದ್ಧ ಅಂತಾರೆ, ಅದಕ್ಕಿಂತ ಒಂದು ಮನೆ ಕೆಳಗೆ ಇಳಿದರೆ ಕೋಮಲ, ಮಧ್ಯಮ ಒಂದೇ ಮೇಲಕ್ಕೆ ಹೋಗೋದು, ಅದು ತೀವ್ರ. ನಮ್ಮಲ್ಲಿ ಸಾ ಬಿಟ್ಟ ಮೇಲೆ ಸಿಗೋ ಮೊದಲನೇ ಜಾಗಕ್ಕೇ ಶುದ್ಧ ರಿಷಭ ಅಂತೀವಿ. ಹಾಗಾಗಿ ಬಿಳಿ ಒಂದು ಸಾ ಆದರೆ ಕರಿ ಒಂದು ನಮಗೆ ಶುದ್ಧ ರಿ, ಅವರಿಗೆ ಕೋಮಲ ರಿ. ಬಿಳಿ ಎರಡು ನಮಗೆ ಚತುಶ್ರುತಿ ರಿ, ಅವರಿಗೆ ಶುದ್ಧ ರಿ. ಗಾಂಧಾರಕ್ಕೆ ನಮ್ಮಲ್ಲಿ ಸಾಧಾರಣ, ಅಂತರ ಅಂತ, ಅವರಲ್ಲಿ ಕೋಮಲ, ಶುದ್ಧ ಅಂತ. ನಿಷಾದಕ್ಕೆ ನಮ್ಮ ಕೈಶಿಕಿ ಅವರ ಕೋಮಲ, ನಮ್ಮ ಕಾಕಲಿ ಅವರ ಶುದ್ಧ. ಧೈವತದ್ದು ರಿಷಭದ ಥರಾನೇ. ಶುದ್ಧ ಮಧ್ಯಮ ಒಂದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು, ನಮ್ಮ ಪ್ರತಿ ಮಧ್ಯಮ ಅವರ ತೀವ್ರ ಮಧ್ಯಮ. ಇನ್ನು ನಮ್ಮಲ್ಲಿ ಹನ್ನೆರಡು ಜಾಗಕ್ಕೆ ಹದಿನಾರು ಹೆಸರು ಅವೆ, ಬಿಳಿ ಎರಡಕ್ಕೇ ಕೆಲವು ರಾಗದಲ್ಲಿ ಶುದ್ಧ ಗಾಂಧಾರ ಅಂತಲೂ ಕರೀತೀವಿ, ಅದು ನಿಮಗೆ ಈಗ ಬೇಡ, ತಂಗಿ ಹತ್ರ ಹೇಳಬೇಡಿ ಹೆದರ್ಕೊಂಡಾಳು.

ಹೆಸರು ಕೇಳಿ ಮೋಸ ಹೋಗೋ ಜಾಗ ಇನ್ನೂ ಅವೆ. ಅವರ ಭೈರವಿ ರಾಗ ನಮ್ಮ ಭೈರವಿ ಅಲ್ಲ, ಅದರ ಸ್ವರ ನಮ್ಮ ಹನುಮತೋಡಿದು. ಅವರ ತೋಡಿ ಬಂದು ನಮ್ಮ ಶುಭಪಂತುವರಾಳಿ. ಅವರ ರೂಪಕ್ ತಾಳಕ್ಕೆ ಏಳು ಮಾತ್ರೆ, ನಮ್ಮ ರೂಪಕಕ್ಕೆ ಎರಡು ಕೂಡ್ಸು ನಾಲ್ಕು, ಆರು ಅಕ್ಷರ. ಸ್ಥಾಯಿ ಅಂದ್ರೆ ನಮಗೆ ಮಂದ್ರ ಮಧ್ಯ ತಾರ ಸ್ಥಾಯಿ, ಮೇಲಿನವರು ಸಪ್ತಕ ಅಂದ್ರಲ್ಲ ಅದು. ಅವರಲ್ಲಿ ಸ್ಥಾಯಿ ಅಂದ್ರೆ ಹಾಡಿನ ಮೊದಲ ಭಾಗ, ಆಮೇಲಿಂದು ಅಂತರಾ. ನಾವು ಪಲ್ಲವಿ, ಅನುಪಲ್ಲವಿ, ಚರಣ ಅಂತೀವಿ. ಶ್ರುತಿ ಅನ್ನೋದಕ್ಕೂ ಹೀಗೇ, ಸಪ್ತಕದಲ್ಲಿ 22 ಶ್ರುತಿ ಅಂತ ಯಾರಾದರೂ ಹೇಳಿದರೆ ಅದು ಸೂಕ್ಷ್ಮ ಅಂತರದ ಲೆಕ್ಕ, ಪೇಟಿಗೆ ಹಚ್ಚೋ ಶ್ರುತಿ ಅಲ್ಲ. ಯಾವ ಪದ ಕೇಳಿದರೂ ಹೇಳ್ತಿರೋರು ಯಾವ ಕಡೆಯವರು ಅಂತ ಮೊದಲು ನೋಡ್ಕೊಳ್ಳಿ, ಅರ್ಧ ತಲೆನೋವು ಹೋಗತ್ತೆ.

ಡಗ್ಗಾ ರಾಯಚೂರು:

ತಾಳದ ಬಗ್ಗೆ ಯಾರೂ ಹೇಳವಲ್ರಲ್ಲ, ಯಾವಾಗ್ಲೂ ಹಿಂಗ, ತಬಲಾದವರನ್ನ ಕೊನೀಗೆ ನೆನಸ್ತಾರ.

ತಮ್ಮಾ ನಿನ್ನ ಕೈಯಾಗ ಇರೋ ಕಂಚಿನ ತಾಳ ಒಂದು, ನಾವು ಹೇಳೋ ತಾಳ ಇನ್ನೊಂದು. ಮೊದಲು ಲಯ ತಿಳ್ಕೋ. ಲಯ ಅಂದ್ರ ನಡಿಗಿ. ಹಾಡು ಎಷ್ಟು ಜೋರು ಹೊಂಟದ, ಎಷ್ಟು ಸಾವಕಾಶ ಹೊಂಟದ ಅನ್ನೋದು. ಸಾವಕಾಶ ಇದ್ರ ವಿಲಂಬಿತ, ನಡುವ ಇದ್ರ ಮಧ್ಯ, ಜೋರು ಇದ್ರ ದ್ರುತ. ಯೂಟ್ಯೂಬಿನವರ ಟೆಂಪೋ ಅಂದ್ರ ಇದಾ, ನಿಮಿಷಕ್ಕ 60 ಅಂದ್ರ ಸೆಕೆಂಡಿಗೊಂದು ಪೆಟ್ಟು. ಅದರ ಒಂದೊಂದು ಪೆಟ್ಟಿಗೆ ಮಾತ್ರೆ ಅಂತಾರ. ಶುರು ಮಾಡಿದಾಗ ಒಂದು ನಡಿಗಿ ಇದ್ದು ಹುಮ್ಮಸ್ಸಿನಾಗ ನಿನಗ ಗೊತ್ತಿಲ್ಲದಂಗ ಜೋರಾತು ಅಂದ್ರ ಅದಾ ಲಯ ಓಡಸೋದು. ಭಜನಿಯೊಳಗ ಎಲ್ಲಾ ಹೊಸಬರೂ ಓಡಸ್ತಾರ, ಚರಣ ಮುಗಿದು ಎಲ್ಲಾರೂ ಕೂಡಿ ಪಲ್ಲವಿ ಎತ್ತೋ ಕಡೆ ಹೆಚ್ಚು, ಅಲ್ಲಿ ಸ್ವಲ್ಪ ಹುಷಾರಿರು.

ಆ ಮಾತ್ರೆಗಳನ್ನ ಇಷ್ಟಿಷ್ಟಕ್ಕ ಒಂದು ಸುತ್ತು ಅಂತ ಕಟ್ಟಿದ್ರ ಅದು ತಾಳ. ಸುತ್ತು ಮುಗಿದು ಮತ್ತ ಮೊದಲನೇ ಮಾತ್ರೆಗೆ ಬಂದು ಬೀಳ್ತದಲ್ಲ, ಅದಾ ಸಮ್. ಭಜನಿಯೊಳಗ ನಿನಗ ಬೇಕಾಗಿದ್ದು ಮುಖ್ಯ ಎರಡಾ ತಾಳ. ಕೆಹರವಾ ಎಂಟು ಮಾತ್ರೆ, ಧಾ ಗೆ ನಾ ತಿ, ನ ಕ ಧಿ ನ. ದಾದ್ರಾ ಆರು ಮಾತ್ರೆ, ಧಾ ಧಿ ನಾ, ಧಾ ತಿ ನಾ. ಬಾಯಿಲೆ ಹೇಳ್ಕೋತ ತೊಡಿ ಮ್ಯಾಲೆ ಬಡಿ. ಈ ಧಾ ಧಿ ನಾ ಅನ್ನೋದಕ್ಕ ಬೋಲ್ ಅಂತಾರ, ತಬಲಾ ಮ್ಯಾಲೆ ಎಲ್ಲಿ ಹೆಂಗ ಹೊಡೀಬೇಕು ಅಂತ ಬಾಯಿಲೆ ಹೇಳೋದು. ಮಂದಿ ಕ್ಲಾಸಿಕಲ್ ಕಚೇರಿಗೆ ಹೋದಾಗ ತೀನತಾಳಕ್ಕ ಕೈ ಬಡೀತಾರ, ಅದು ಹದಿನಾರು, ನಾಕು ನಾಕರ ನಾಕು ವಿಭಾಗ. ಒಂದು, ಐದು, ಹದಿಮೂರನೇ ಮಾತ್ರೆಗೆ ಚಪ್ಪಾಳಿ, ಒಂಬತ್ತಕ್ಕ ಕೈ ಬೀಸಿ ಬಿಡ್ತಾರ, ಅದು ಖಾಲಿ. ಖಾಲಿ ಬಂದಾಗ ಡಗ್ಗಾದ, ಅಂದ್ರ ಜೋಡಿಯೊಳಗಿನ ದಪ್ಪ ದನಿಯ ತಬಲಾದ, ಗುಂಯ್ ಅನ್ನೋ ನಾದ ನಿಲ್ತದ, ಧಿನ್ ಹೋಗಿ ತಿನ್ ಆಗ್ತದ. ಅದನ್ನ ಕಿವಿಯಿಂದ ಹಿಡಿದ್ರ ಸಾಕು, ಎಣಿಸೋದಾ ಬ್ಯಾಡ, ಇನ್ನರ್ಧ ಸುತ್ತಿಗೆ ಸಮ್ ಬರ್ತದ ಅಂತ ತಾನಾ ತಿಳೀತದ. ನಾ ಇದನ್ನ ತಾಳದ ಎಲ್ಲಾ ಪಾಠಕ್ಕಿಂತ ಮೊದಲು ಕಲಸ್ತೀನಿ, ಪುಸ್ತಕದವರು ಯಾಕೋ ಕೊನೀಗೆ ಬರೀತಾರ.

ಮೇಡಮ್ಮೋರ ಪದ್ಧತಿಯೊಳಗ ಆದಿತಾಳ ಎಂಟು, ಒಂದು ಪೆಟ್ಟು ಮೂರು ಬೆರಳೆಣಿಕಿ, ಆಮ್ಯಾಲೆ ಪೆಟ್ಟು ಹುಸಿ ಪೆಟ್ಟು ಹುಸಿ. ಎಣಿಕಿ ಎಂಟಾ ಇದ್ರೂ ಕೆಹರವಾದ ಕುಣಿತ ಅದಕ್ಕಿಲ್ಲ. ಎಂಟು ಎಂಟು ಒಂದಾ ಅಂತ ಯಾರರ ಹೇಳಿದ್ರ ನಂಬಬ್ಯಾಡ.

ಆರ್ಕೆಸ್ಟ್ರಾ ಗಂಗಾವತಿ:

ಗುರು ಇಷ್ಟೊಂದು ಕಷ್ಟ ಮಾಡ್ಕೋಬೇಡ. ನಾನು ಕೀಬೋರ್ಡ್ ಪ್ಲೇಯರ್, ಮದುವೆ ಜಾತ್ರೆ ಎಲ್ಲಾ ಪ್ರೋಗ್ರಾಮ್ ಮಾಡ್ತೀನಿ. ಸಿಂಪಲ್ಲಾಗಿ ಹೇಳ್ತೀನಿ, ಪಿಚ್ ಅಂದ್ರೆ ಧ್ವನಿ ಎಷ್ಟು ಎತ್ತರ, ಮೆಲೊಡಿ ಅಂದ್ರೆ ಹಾಡಿನ ಧಾಟಿ, ರಿದಮ್ ಅಂದ್ರೆ ತಾಳ, ಹಾರ್ಮನಿ ಅಂದ್ರೆ ಒಂದೇ ಸಲಕ್ಕೆ ಎರಡು ಮೂರು ಸ್ವರ ಕೂಡಿಸಿ ನುಡಿಸೋದು. ಸಾ ಗ ಪ ಮೂರೂ ಒಟ್ಟಿಗೆ ಒತ್ತಿದರೆ ಮೇಜರ್ ಕಾರ್ಡ್, ಗಾಂಧಾರ ಒಂದು ಮನೆ ಕೆಳಗೆ ಇಳಿಸಿದರೆ ಮೈನರ್ ಕಾರ್ಡ್, ಕೇಳಿದ ತಕ್ಷಣ ಮೂಡ್ ಬದಲಾಗೋದು ಗೊತ್ತಾಗುತ್ತೆ ಒತ್ತಿ ನೋಡು. ಕೆಹರವಾನ ನಾವು ಫೋರ್ ಬೈ ಫೋರ್ ಅಂತ ಹಾಕ್ತೀವಿ, ದಾದ್ರಾನ ಸಿಕ್ಸ್ ಬೈ ಎಯ್ಟ್. ಶ್ರುತಿ ಬದಲಿಸಬೇಕಾ, ಟ್ರಾನ್ಸ್‌ಪೋಸ್ ಬಟನ್ ಒತ್ತು ಮುಗೀತು, ಬೆರಳು ಬದಲಿಸೋ ಕೆಲಸಾನೇ ಇಲ್ಲ. ರಾಗ ಅಂದ್ರೂ ಅಷ್ಟೇ, ಸ್ಕೇಲ್ ತಾನೆ, ಯಾವ ಯಾವ ಮನೆ ಒತ್ತಬೇಕು ಅಂತ ಲಿಸ್ಟ್. ಗೂಗಲ್ ಮಾಡಿದ್ರೆ ಎಲ್ಲಾ ರಾಗದ ಲಿಸ್ಟ್ ಸಿಗುತ್ತೆ.

ಕಾಲುಪೆಟಗಿ ಕುಷ್ಟಗಿ:

ಉಳಿದಿದ್ದೆಲ್ಲಾ ಒಪ್ಪಿದೆ, ರಾಗ ಅಂದ್ರ ಲಿಸ್ಟ್ ಅಂದಿದ್ದು ಒಪ್ಪಂಗಿಲ್ಲ ನೋಡಪಾ. ಮತ್ತ ಯೂಟ್ಯೂಬಿನ್ಯಾಗ ಸ್ಕೇಲ್ ಅನ್ನೋದನ್ನ ಎರಡು ಅರ್ಥಕ್ಕ ಬಳಸ್ತಾರ, "ಅಣ್ಣಾ ಯಾವ ಸ್ಕೇಲಿಗೆ ಹಾಡ್ತಿ" ಅಂದ್ರ ಶ್ರುತಿ ಯಾವುದು ಅಂತ, "ಮೇಜರ್ ಸ್ಕೇಲ್" ಅಂದ್ರ ಸ್ವರದ ಸಾಲು ಅಂತ. ಕಲಿಯೋ ಹುಡುಗ ಇಲ್ಲೇ ದಾರಿ ತಪ್ಪತಾನ.

ಸಿಂಧನೂರು ತಮ್ಮಾ, ನಾಳೆ ಗುಡ್ಯಾಗ ಪೇಟಿ ಬಿಡುವಿದ್ದಾಗ ಇದನ್ನ ಮಾಡು. ಬರೇ ಕರಿ ಮನಿ ಒತ್ತು, ಬಿಳಿ ಮುಟ್ಟಬ್ಯಾಡ. ಕರಿ ಮೂರರಿಂದ ಶುರು ಮಾಡಿ ಬಲಕ್ಕ ಐದು ಕರಿ ಮನಿ ಒತ್ತು, ಮೂರು ನಾಕು ಐದು, ಮುಂದಿನ ಒಂದು ಎರಡು, ಆಮ್ಯಾಲೆ ಮ್ಯಾಲಿನ ಕರಿ ಮೂರು. ಅದು ಭೂಪ, ಮೇಡಮ್ಮೋರ ಮೋಹನ. ಸಾ ರಿ ಗ ಪ ದ. ಈಗ ಅವಾ ಐದು ಮನಿ, ಆದ್ರ ಕರಿ ಐದನ್ನ ಸಾ ಅಂತ ಹಿಡಿ, ಕರಿ ಐದರ ತಂಬೂರಿ ಹಚ್ಚು, ಅಲ್ಲಿಂದ ಏರು. ಮಾಲಕಂಸ ಬಂತು, ಅವರ ಹಿಂದೋಳ. ಕರಿ ಒಂದು ಸಾ ಮಾಡಿದ್ರ ದುರ್ಗಾ, ಕರಿ ಎರಡು ಮಾಡಿದ್ರ ಧಾನಿ, ಕರಿ ನಾಕು ಮಾಡಿದ್ರ ಮೇಘ, ಅದಕ್ಕ ಅವರು ಮಧ್ಯಮಾವತಿ ಅಂತಾರ. ಒತ್ತಿದ ಮನಿ ಒಂದೂ ಬದಲಾಗಲಿಲ್ಲ, ಸಾ ಒಂದಾ ಸರದಾಡಿತು, ಐದು ರಾಗದ ಸ್ವರ ಬಂದುವು. ಇದಕ್ಕ ಅವರು ಗ್ರಹಭೇದ ಅಂತಾರ, ನಾವು ಮೂರ್ಛನಾ ಅಂತೀವಿ. ಸಾ ಮೊದಲು ಅಂತ ನಾ ಬಡ್ಕೊಂಡಿದ್ದು ಇದಕ್ಕ. ತಂಬೂರಿ ಇಲ್ಲದಾ ಒತ್ತಿದ್ರ ಮಾತ್ರ ಕಿವಿಗೆ ಫರಕ ಗೊತ್ತಾಗಾಂಗಿಲ್ಲ, ಹಚ್ಚೇ ಒತ್ತು.

ಈಗ ಲಿಸ್ಟಿನ ಮಾತು. ಭೂಪಕ್ಕ ಯಾವ ಸ್ವರ ಅದಾವೋ ದೇಶಕಾರ ರಾಗಕ್ಕೂ ಅವಾ ಐದು ಸ್ವರ. ಲಿಸ್ಟಾ ರಾಗ ಆಗಿದ್ರ ಎರಡೂ ಒಂದಾಗಬೇಕಿತ್ತು. ಭೂಪ ಗಾಂಧಾರದ ಮ್ಯಾಲೆ ನಿಂತು ಮಾತಾಡ್ತೈತಿ, ಅದಕ್ಕ ಗಾಂಧಾರ ವಾದಿ ಅಂದ್ರ ಮುಖ್ಯ ಸ್ವರ, ಧೈವತ ಸಂವಾದಿ ಅಂದ್ರ ಅದರ ನಂತರದ್ದು. ದೇಶಕಾರದಾಗ ಉಲ್ಟಾ, ಧೈವತ ವಾದಿ. ಭೂಪ ರಾತ್ರಿ ಮೊದಲ ಜಾವದ್ದು, ದೇಶಕಾರ ಮುಂಜಾನಿದು. ಸ್ವರ ಏರೋ ದಾರಿ ಆರೋಹ, ಇಳಿಯೋ ದಾರಿ ಅವರೋಹ, ಎಲ್ಲಿ ನಿಲ್ಲಬೇಕು, ಯಾವುದಕ್ಕ ಯಾವುದು ಹಚ್ಚಿ ಹೇಳಬೇಕು, ಒಂದು ತುಣುಕು ಹಾಡಿದ್ರ ಇದಾ ರಾಗ ಅಂತ ಗೊತ್ತಾಗೋ ಪಕಡ, ಇಷ್ಟೆಲ್ಲಾ ಕೂಡಿದ್ರ ರಾಗ. ಮ್ಯಾಲೆ ಒಂದು ಸ್ವರದಿಂದ ಇನ್ನೊಂದಕ್ಕ ಜಾರೋದು, ಮೀಂಡ್ ಅಂತಾರ, ಅದು ನಮ್ಮ ಪೇಟಿಯಾಗ ಬರಾಂಗಿಲ್ಲ. ನನ್ನ ಹೊಟ್ಟಿ ತುಂಬಸೋ ವಾದ್ಯ ಆದ್ರೂ ಖರೆ ಖರೆ ಹೇಳಬೇಕಲ್ಲ. ಆಕಾಶವಾಣಿಯವರು 1940ರಾಗ ಪೇಟಿನ ಹೊರಗ ಹಾಕಿದ್ರು, 1971ರ ತನ ಒಳಗ ಬಿಡಲಿಲ್ಲ, ಅದಕ್ಕ ಹೇಳಿದ ಕಾರಣದಾಗ ಇದೂ ಒಂದು. ಇನ್ನೊಂದು ಅಂದ್ರ ಪೇಟಿಯ ಗಾಂಧಾರ ತಂಬೂರಿಯಾಗ ಕೇಳೋ ಗಾಂಧಾರಕ್ಕಿಂತ ಒಂದು ಎಳಿ ಮ್ಯಾಲೆ ಇರ್ತೈತಿ, ಹನ್ನೆರಡು ಮನಿ ಸಮಾ ಹಂಚಿದ್ದಕ್ಕ ಹಂಗಾಗೈತಿ. ಕಿವಿ ಸೂಕ್ಷ್ಮ ಇದ್ದೋರಿಗೆ ಚುಚ್ಚತೈತಿ. ಹಂಗಾಗಿ ಸ್ವರ ಕಲಿಯೋದು ತಂಬೂರಿ ಜೋಡಿ ಕಲಿ, ಪೇಟಿ ಆಧಾರಕ್ಕ ಇರಲಿ.

ಮಾನವಿ ಹಿರೇ ಮನುಷ್ಯ:

ಎಲ್ಲಾ ಓದಿದೆ. ಹೈರಾಣಾದೆ. ನಮ್ಮವ್ವ ದಾಸರ ಪದ ಹಾಡ್ತಿದ್ಲು, ಕೋಮಲ ತೀವ್ರ ವಾದಿ ಸಂವಾದಿ ಯಾವುದೂ ಗೊತ್ತಿದ್ದಿಲ್ಲ, ಬೀಸೋ ಕಲ್ಲಿನ ಮುಂದ ಕುಂತು ಹಾಡಿದ್ರ ಓಣಿ ಮಂದಿ ನಿಂತು ಕೇಳತಿದ್ರು. ಜಗನ್ನಾಥದಾಸರ ಊರು ಇದು, ಚೀಕಲಪರ್ವಿ ವಿಜಯದಾಸರು ನಮ್ಮ ತಾಲೂಕಿನವರು, ಅವರೇನು ಯೂಟ್ಯೂಬ್ ನೋಡಿ ಕಲಿತ್ರೇನು. ತಮ್ಮಾ ನೀನು ಹಿರೇರ ಪಕ್ಕ ಕುಂತು ಕೇಳು, ಕೇಳ್ಕೋತ ಹಾಡು, ತಾನಾ ಬರ್ತದ. ಹೆಸರು ತೊಗೊಂಡು ಏನ್ ಮಾಡ್ತಿ.

ಸಂಗೀತ ಮೇಡಂ ಬಳ್ಳಾರಿ:

ಯಜಮಾನರೇ ಕೇಳಿ ಕಲಿಯೋದು ಅನ್ನೋದಕ್ಕೆ ನನ್ನ ತಕರಾರು ಇಲ್ಲ. ಆದರೆ ದಾಸರಿಗೆ ಹೆಸರು ಬೇಡ ಆಗಿತ್ತು ಅನ್ನೋದನ್ನ ಮಾತ್ರ ಒಪ್ಪಲ್ಲ ನಾನು. ನೀವೇ ಹೇಳಿದ ವಿಜಯದಾಸರು ಸುಳಾದಿಗಳಿಗೇ ಹೆಸರಾದವರು. ಸುಳಾದಿ ಅಂದ್ರೆ ಒಂದೊಂದು ನುಡಿಗೆ ಒಂದೊಂದು ತಾಳ ಬದಲಾಗೋ ರಚನೆ, ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ. ಇವತ್ತಿಗೂ ನಾವು ಮಕ್ಕಳಿಗೆ ಅಲಂಕಾರ ಅನ್ನೋ ಸ್ವರದ ಅಭ್ಯಾಸ ಹೇಳಿಕೊಡೋದು ಇದೇ ಏಳು ತಾಳದಲ್ಲಿ, ಸುಳಾದಿ ಸಪ್ತತಾಳ ಅಂತಾನೇ ಹೆಸರು. ಒಂದೊಂದಕ್ಕೂ ಐದು ಜಾತಿ, ಅಂದ್ರೆ ಎಣಿಕೆಯ ಬಗೆ, ಸೇರಿ 35 ಆಗ್ತಾವೆ. ಹಂಪಿಯಲ್ಲಿದ್ದ ಪುರಂದರದಾಸರಿಂದಾನೇ ಸರಳೆ ವರಸೆ, ಜಂಟಿ ವರಸೆ, ಮಾಯಾಮಾಳವಗೌಳ ರಾಗದಲ್ಲಿ ಪಾಠ ಶುರು ಮಾಡೋ ಕ್ರಮ ಬಂತು ಅಂತ ಪರಂಪರೆ ಹೇಳುತ್ತೆ, ಅದಕ್ಕೇ ಅವರನ್ನ ಸಂಗೀತ ಪಿತಾಮಹ ಅನ್ನೋದು. ತುಂಗಭದ್ರೆಯ ಆ ದಂಡೆ ಈ ದಂಡೆ ನಮ್ಮವರೇ ಹುಟ್ಟುಹಾಕಿದ ಲೆಕ್ಕ ಇದು, ನಾವೇ ಬೇಡ ಅಂದ್ರೆ ಹೆಂಗೆ.

ನಿಮ್ಮ ಅವ್ವನಿಗೆ ಹೆಸರು ಗೊತ್ತಿಲ್ಲದೇ ಇರಬಹುದು, ಶ್ರುತಿ ಲಯ ಎರಡೂ ಗೊತ್ತಿತ್ತು. ಈ ಹುಡುಗನಿಗೆ ಅದೇ ಸರಿ ಬರ್ತಿಲ್ಲ, ಮಾಸ್ತರು ಯಾವುದಕ್ಕೆ ಬೈದರು ಅಂತಾನೇ ತಿಳೀತಿಲ್ಲ. ಅಷ್ಟಕ್ಕಾದರೂ ಹೆಸರು ಬೇಕು.

ಮಾನವಿ ಹಿರೇ ಮನುಷ್ಯ:

ಆತು ತಂಗೀ, ಸುಳಾದಿ ಮಾತಿಗೆ ಸೋತೆ. ಆದ್ರ ಟ್ರಾನ್ಸ್‌ಪೋಸ್ ಬಟನ್ನಿಗೆ ಸೋಲಾಂಗಿಲ್ಲ.

ಸಿಂಧನೂರು ಹೈದ:

ಅಣ್ಣಾರ ಮೇಡಮ್ಮಾರ ಎಲ್ಲಾರಿಗೂ ಶರಣು. ಕರಿ ಮನಿ ಆಟ ಆಡಿದೆ, ಮಾಸ್ತರು ಮೊದಲು ಸಿಟ್ಟಾದ್ರು ಆಮ್ಯಾಲೆ ತಾವಾ ಕುಂತು ಮಾಲಕಂಸ ಹಚ್ಚಿ ಹಾಡಿಬಿಟ್ರು, ಭಜನಿ ಅರ್ಧ ತಾಸು ತಡಾ ಆತು. ಶ್ರುತಿ ಲಯ ಬ್ಯಾರೇ ಬ್ಯಾರೇ ಅಂತ ಈಗ ತಿಳೀತು. ಇನ್ನೊಂದು ಕೇಳ್ತೀನ್ರಿ. ಹಾಡಿನ ಮೊದಲ ಅಕ್ಷರಕ್ಕ ನಾ ತಾಳ ಹೊಡದ್ರ ಒಂದೊಂದು ಹಾಡಿಗೆ ಸರಿ ಕೂಡ್ತೈತಿ, ಒಂದೊಂದು ಹಾಡಿಗೆ ತಬಲಾದವರು ನನ್ನ ಕಡೆ ಕಣ್ಣು ಬಿಡ್ತಾರ. ಸಮ್ ಮೊದಲನೇ ಮಾತ್ರೆ ಅಂದ್ರಲ್ಲ, ಹಾಡೂ ಅಲ್ಲಿಂದ ಶುರು ಆಗಬೇಕಲ್ಲ? ಮತ್ತ ನಾ ಕ್ಲಾಸಿಗೆ ಹೋಗಬೇಕಂದ್ರ ಹಿಂದೂಸ್ತಾನಿನೋ ಕರ್ನಾಟಕನೋ?

ಡಗ್ಗಾ ರಾಯಚೂರು:

ಹಾಡಿನ ಮೊದಲ ಅಕ್ಷರ ಸಮ್ಮಿಗೇ ಬೀಳಬೇಕು ಅಂತ ಎಲ್ಲೂ ಇಲ್ಲ. ತಾಳದ ಮೊದಲು ಬ್ಯಾರೇ, ಹಾಡಿನ ಮೊದಲು ಬ್ಯಾರೇ. ಕೆಲವು ಹಾಡು ಸಮ್ಮಿನಿಂದಾ ಎತ್ತತಾವ. ಕೆಲವು ಒಂದೆರಡು ಮಾತ್ರೆ ಮೊದಲಾ ಎತ್ತಿ, ಮೂರನೇದೋ ನಾಕನೇದೋ ಅಕ್ಷರಕ್ಕ ಸಮ್ಮಿಗೆ ಬಂದು ಬೀಳ್ತಾವ. ಇನ್ನು ಕೆಲವು ಸಮ್ ಖಾಲಿ ಬಿಟ್ಟು ಆಮ್ಯಾಲೆ ಬಾಯಿ ತೆಗೀತಾವ. ತೀನತಾಳದ ಎಷ್ಟೋ ಬಂದಿಶ್ (ಹಿಂದೂಸ್ತಾನಿ ರಚನೆ) ಖಾಲಿಯಿಂದ, ಅಂದ್ರ ಒಂಬತ್ತನೇ ಮಾತ್ರೆಯಿಂದಾ ಏಳತಾವ. ಹಾಡು ಎತ್ತೋ ಈ ಜಾಗಕ್ಕ ಕರ್ನಾಟಕದವರು ಗ್ರಹ ಅಂತಾರ, ಸಮ, ಅತೀತ, ಅನಾಗತ ಅಂತ ಅದರಾಗ ಭೇದ ಅದಾವ.

ಹೆಂಗ ಹಿಡೀಬೇಕಂದ್ರ, ಪಲ್ಲವಿನ ಎರಡು ಸಲ ತಾಳ ಹೊಡೀದ ಸುಮ್ನ ಕೇಳು, ಯಾವ ಅಕ್ಷರದ ಮ್ಯಾಲೆ ಹಾಡಾವ ಭಾರ ಹಾಕ್ತಾನ, ಯಾವ ಅಕ್ಷರಕ್ಕ ಡಗ್ಗಾ ಗುಂಯ್ ಅಂತದ, ಎರಡೂ ಕೂಡಿದ ಅಕ್ಷರ ಗುರುತು ಇಟ್ಕೋ. ಅಲ್ಲಿಂದ ನಿನ್ನ ಕೈ ಶುರು. ಮೊದಲು ಬರೋ ಅಕ್ಷರಕ್ಕ ಬರೇ ಬಾಯಿ ಸಾಕು, ಕೈ ಸುಮ್ನಿರಲಿ. ಕಣ್ಣು ಬಿಟ್ರ ಬ್ಯಾಸರ ಮಾಡ್ಕೋಬ್ಯಾಡ, ತಾಳ ಹಿಡದಾವ ತಪ್ಪಿದ್ರ ನಮಗ ಎರಡು ಸಮ್ ಕೇಳಸ್ತಾವ, ಯಾವುದಕ್ಕ ಹೋಗಬೇಕು ಅಂತಾ ತಿಳಿಯಂಗಿಲ್ಲ.

ಕಾಲುಪೆಟಗಿ ಕುಷ್ಟಗಿ:

ಕ್ಲಾಸಿನ ಬಗ್ಗೆ ನಾ ಹೇಳ್ತೀನಿ. ನಿನಗ ಹಾಡಾಕ ಬೇಕಾಗಿದ್ದು ಭಜನಿ, ತತ್ವಪದ, ವಚನ, ನಿಮ್ಮ ಮಾಸ್ತರದು ಹಿಂದೂಸ್ತಾನಿ ದಾರಿ, ಸುತ್ತಲಿನ ಊರಾಗ ಸಿಗೋ ಗವಾಯಿಗಳೂ ಹೆಚ್ಚಿನವರು ಗದಗಿನ ಆಶ್ರಮದ ಕಡೆಯವರು. ಹಂಗಾಗಿ ಅದಾ ಹಿಡಿ. ನಿಮ್ಮ ಜಿಲ್ಲಾದವರಾ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನ ಸಿಕ್ರ ಕೇಳು, ರಾಯಚೂರಾಗ ರಂಗಮಂದಿರಕ್ಕ ಅವರ ಹೆಸರಾ ಇಟ್ಟಾರ. ಒಂದು ಅಕ್ಷರಾನೂ ನುಂಗದ ಸ್ವರ ಹಚ್ಚೋದು ಹೆಂಗ ಅಂತ ಅವರಿಂದ ಕೇಳಬೇಕು. ತಂಗಿ ತನ್ನದು ಕಲೀಲಿ. ಆ ಆಶ್ರಮದ ಪಂಚಾಕ್ಷರಿ ಗವಾಯಿಗಳು ಎರಡೂ ಪದ್ಧತಿ ಕಲಿತವರು, ಅವರು ಜಗಳ ಹಚ್ಚಲಿಲ್ಲ, ನಾವ್ಯಾಕ ಹಚ್ಚೋಣು.

ಸಿಂಧನೂರು ಹೈದ:

ಆತ್ರಿ. ಈ ಶನಿವಾರ ನನಗೊಂದು ಪದ ಮುಂದ ಹಾಡು ಅಂದಾರ. ಕರಿ ಎರಡು ನನಗ ಎತ್ತರ ಅನಸ್ತೈತಿ, ತಂಬೂರಿ ಜೋಡಿ ಹಾಡಿ ನೋಡಿದೆ, ಬಿಳಿ ಒಂದಕ್ಕ ಆರಾಮ ಐತಿ. ನಂದೊಂದು ಹಾಡಿಗೆ ಮಾಸ್ತರಿಗೆ ಶ್ರುತಿ ಇಳಸ್ರಿ ಅಂತ ಕೇಳಬಹುದಾ?

ಡಗ್ಗಾ ರಾಯಚೂರು:

ಮಾಸ್ತರಿಗೆ ಕೇಳು, ಅವರಿಗೇನು, ಬೆರಳು ಮೂರು ಮನಿ ಎಡಕ್ಕ ಸರಸ್ತಾರ, ಮುಗೀತು. ಆದ್ರ ತಬಲಾದವರಿಗೂ ಹಿಂದಿನ ದಿನಾ ಹೇಳು. ತಬಲಾ ಕರಿ ಎರಡಕ್ಕ ಕೂಡಿಸಿದ್ದು ಇರ್ತದ, ಸುತ್ತಿಗಿಲೆ ಗಟ್ಟಾ (ಬದಿಗಿರೋ ಕಟಗಿ ತುಂಡು) ಬಡಿದು ಒಂದು ಮನಿ ಇಳಸಬಹುದು, ಹೆಚ್ಚಂದ್ರ ಎರಡು, ಮೂರು ಮನಿ ಇಳಿಸಿದ್ರ ಪುಡಿ (ತಬಲಾದ ಚರ್ಮ) ಸಡಲಾಗಿ ನಾದಾನಾ ಸಾಯ್ತದ. ಬಿಳಿ ಒಂದಕ್ಕ ದೊಡ್ಡ ಬಾಯಿದು ಬ್ಯಾರೇ ತಬಲಾ ಬೇಕು, ಮೊದಲಾ ಹೇಳಿದ್ರ ಅದನ್ನೂ ತರ್ತಾರ. ಹಾಡೋ ಹೊತ್ತಿಗೆ ಹೇಳಿದಿ ಅಂದ್ರ ಮತ್ತ ಕಣ್ಣು ಬಿಡ್ತಾರ ನೋಡು.